ಖಾಲಿ ಚೌಕ

ಪರದೆಯ ನಡುವೆ ಒಂದು ಖಾಲಿ ಚೌಕ, ಅದರ ಮೂಲೆಯಲ್ಲಿ ಸಣ್ಣದೊಂದು ಕೆಂಪು ಕತ್ತರಿ ಗುರುತು. ಕಂಪ್ಯೂಟರ್ ಅಂಗಡಿಯ ನೀಲಮ ಪುಟವನ್ನು ಮುಚ್ಚಿ ಮತ್ತೆ ತೆರೆದಳು. ಅದೇ ಚೌಕ ಬಂತು. ಸುತ್ತಲಿನ ಮರಾಠಿ ಅಕ್ಷರಗಳು ಮಾತ್ರ ಈಗ ನೆಟ್ಟಗಾಗಿದ್ದವು. ಮೊದಲು ಅವೂ ಅರ್ಥವಿಲ್ಲದ ಗೀಟುಗಳಾಗಿದ್ದವು. ಎನ್‌ಕೋಡಿಂಗ್ ಬದಲಿಸಿದ ಮೇಲೆ ಓದಲು ಬಂದವು.

"ಅಥಣ್ಯಾಗ ಎರಡ ಅಂಗಡಿ ತಿರಗಿದೆ. ಇಷ್ಟೂ ಬರಲಿಲ್ರಿ ಅವರಿಗೆ," ಎಂದ ಲಗಮಣ್ಣ.

ಅಥಣಿ ಹತ್ತಿರದ ತನ್ನೂರು ಸತ್ತಿಯಿಂದ ಬೆಳಗಿನ ಬಸ್ಸಿಗೆ ಹೊರಟು ಚಿಕ್ಕೋಡಿಗೆ ಬಂದಿದ್ದ. ಮಗ ಈಶ್ವರ ಮನೆ ಬಿಟ್ಟು ಹದಿನಾಲ್ಕು ತಿಂಗಳಾಗಿತ್ತು. ಸೊಲ್ಲಾಪುರದ ಕಡೆಯ ಪೊಲೀಸರೊಬ್ಬರು ಗುರುತು ಸಿಗದ ಶವವೊಂದರ ವಿವರದ ಪುಟವನ್ನು ಇಂಟರ್ನೆಟ್ಟಿನಿಂದ ಇಳಿಸಿ ಪೆನ್‌ಡ್ರೈವಿನಲ್ಲಿ ಹಾಕಿ ಕೊಟ್ಟಿದ್ದರು.

"ಅಕ್ಷರ ಒಂದ ಫೈಲ್‌ನ್ಯಾಗ ಇರತಾವ್ರಿ, ಫೋಟೊ ಬ್ಯಾರೆ ಫೋಲ್ಡರ್‌ನ್ಯಾಗ. ಅವರು ಅಕ್ಷರದ ಫೈಲ್ ಅಷ್ಟ ಹಾಕ್ಯಾರ. ಫೋನ್ ನಂಬರ್ ಐತೇನ್ರಿ ಅವರದು?" ಎಂದಳು ನೀಲಮ.

ಅವನು ಅಂಗಿಯ ಜೇಬಿನಿಂದ ಚೀಟಿ ತೆಗೆದುಕೊಟ್ಟ. ನೀಲಮ ಫೋನು ಮಾಡಿ, ಫೋಟೊ ಸಮೇತ ಇಡೀ ಪುಟವನ್ನು ಒಂದೇ ಫೈಲಾಗಿ ಇಮೇಲ್ ಮಾಡಲು ಮರಾಠಿಯಲ್ಲಿ ತಿಳಿಸಿ ಹೇಳಿದಳು. ಅರ್ಧ ತಾಸು ಬೇಕು ಅಂದರು.

"ಏನಾಗಿತ್ರಿ, ಮನಿ ಬಿಡುವಂಥಾದ್ದು?"

"ಏನ ಇಲ್ರಿ. ದ್ರಾಕ್ಷಿ ಪಡದಾಗ ಔಷಧ ಹೊಡಿಯೂದರ ಮ್ಯಾಲ ಮಾತಿಗಿ ಮಾತ ಬೆಳೀತು. ನಾನು ಆಳುಗೋಳ ಮುಂದ ಒಂದ ಮಾತ ಹೆಚ್ಚ ಅಂದೆ." ಪರದೆಯ ಖಾಲಿ ಚೌಕದ ಕಡೆ ಕೈ ತೋರಿಸಿದ. "ಇದು ಐದನೇದ್ರಿ. ನಾಕ ಕಡೆ ಹೋಗಿ ಹೆಣ ನೋಡಿ ಬಂದೇನಿ. ಪ್ರತಿ ಸಲ ಬ್ಯಾರೇದವರ ಮಗ ಇರತಿದ್ದ. ಖುಷಿ ಆಗತಿತ್ತ್ರಿ. ಹೊರಗ ಬಂದ ಮ್ಯಾಲ ಹಂಗ ಖುಷಿ ಆತಲ್ಲಾ ಅಂತ ನಾಚಿಕಿ ಬರತಿತ್ತು."

"ಮನ್ಯಾಗ ಯಾರ ಅದಾರ?"

"ಈಶ್ವರನ ಅವ್ವ ಸೋನಾಬಾಯಿ ಒಬ್ಬಾಕಿ. ನಾ ಹೊಂಟ ದಿನ ಏನೂ ತಿನ್ನೂದಿಲ್ಲ. ಬಂದ ಕೂಡ್ಲೆ ಒಂದ ಕೇಳತಾಳ, ಅವ ಅಲ್ಲ ಹೌದಿಲ್ಲೋ ಅಂತ. ಅಲ್ಲ ಅಂದ್ರ ಉಣ್ಣತಾಳ."

ಗುರುತಿಗೆಂದು ತಂದಿದ್ದ ಮಗನ ಫೋಟೊವನ್ನು ಕೀಬೋರ್ಡಿನ ಪಕ್ಕ ಇಟ್ಟು, ಚಹಾ ಕುಡಿದು ಬರುತ್ತೇನೆಂದು ಹೊರಗೆ ಹೋದ.

ಮೇಲ್ ಬಂತು. ಆದರೆ ಫೈಲನ್ನು ಒತ್ತಿದರೆ ನೋಟ್‌ಪ್ಯಾಡ್ ತೆರೆದು ಪರದೆಯ ತುಂಬ ಅಂಕಿ ಅಕ್ಷರ ಚೆಲ್ಲಿದಂತಾಯಿತು. ನೀಲಮ ಅದನ್ನು ಮುಚ್ಚಿ, ಬ್ರೌಸರಿನಲ್ಲಿ ತೆರೆಯುವಂತೆ ಮಾಡಿದಳು. ಚೌಕದಲ್ಲಿ ಚಿತ್ರ ಮೇಲಿನಿಂದ ನಿಧಾನವಾಗಿ ಇಳಿಯಿತು. ಕೂದಲು, ಹಣೆ, ಹುಬ್ಬು. ಎಡಹುಬ್ಬನ್ನು ಎರಡು ತುಂಡು ಮಾಡಿದ ಹಳೆಯ ಗಾಯ. ಅವಳು ಕೀಬೋರ್ಡಿನ ಪಕ್ಕದ ಫೋಟೊ ನೋಡಿದಳು. ಅದೇ ಹುಬ್ಬು, ಅದೇ ಗಾಯ. ಆ ಫೋಟೊದಲ್ಲಿ ಹುಡುಗ ನಗುತ್ತಿದ್ದ.

ಲಗಮಣ್ಣ ಬಂದಾಗ ಅವಳು ಎದ್ದು ಕುರ್ಚಿ ಬಿಟ್ಟುಕೊಟ್ಟಳು. ಅವನು ಕೂರಲಿಲ್ಲ. ಮೇಜಿಗೆ ಎರಡೂ ಕೈ ಊರಿ ಬಗ್ಗಿ ನೋಡಿದ. ಹೊರಗೆ ಯಾರೋ ಝೆರಾಕ್ಸ್ ಕೇಳಿಕೊಂಡು ಬಂದರು. ನೀಲಮ ಆಮೇಲೆ ಬರಲು ಕೈಸನ್ನೆ ಮಾಡಿದಳು.

"ಅಲ್ರಿ," ಅಂದ ಕೊನೆಗೆ. "ಇವ ಅಲ್ಲ."

ನೀಲಮ ಪರದೆಯ ಮೇಲಿನ ಹುಬ್ಬಿನ ಗಾಯವನ್ನು ಮತ್ತೊಮ್ಮೆ ನೋಡಿದಳು.

"ಮಣ್ಣ ಮಾಡ್ಯಾರೋ, ಸುಟ್ಟಾರೋ, ಅದರಾಗ ಬರದೈತೇನ್ರಿ?"

ಅವಳು ಪುಟವನ್ನು ಕೆಳಗೆ ಸರಿಸಿದಳು. "ಮಣ್ಣ ಮಾಡ್ಯಾರ್ರಿ. ರೈಲ್ವೆ ಹಳಿ ಆಚೀಕ, ಸರ್ಕಾರಿ ಜಾಗಾದಾಗ."

"ಊರು?"

ಹೇಳಿದಳು.

"ಒಂದ ಚೀಟಿ ಮ್ಯಾಲ ಬರದ ಕೊಡ್ರಿ. ಕನ್ನಡದಾಗ."

ಊರು, ಠಾಣೆ, ತಾರೀಖು ಬರೆದಳು. ಅವನು ಕೇಳದಿದ್ದರೂ ಕೆಳಗೆ ಗುಂಡಿಯ ನಂಬರನ್ನೂ ಬರೆದಳು. ಅವನು ಚೀಟಿಯನ್ನು ಒಮ್ಮೆ ಓದಿ, ಮಡಚಿ, ಮಗನ ಫೋಟೊದ ಜೊತೆ ಜೇಬಿಗಿಟ್ಟುಕೊಂಡ. "ಬರತೇನ್ರಿ" ಎಂದು ಮೆಟ್ಟಿಲಿಳಿದ.

ಅಂಗಡಿಯ ಎದುರಿಗೇ ಬಸ್ ಸ್ಟ್ಯಾಂಡು. ಅಥಣಿಯ ಬಸ್ಸು ಹತ್ತು ನಿಮಿಷ ನಿಂತಿತ್ತು. ಕಂಡಕ್ಟರ್ ಕೂಗಿ ಕರೆದರೂ ಲಗಮಣ್ಣ ಕಲ್ಲುಬೆಂಚಿನಿಂದ ಏಳಲಿಲ್ಲ. ಅದು ಹೋದ ಮೇಲೆ ಸೊಲ್ಲಾಪುರದ ಕಡೆ ಹೋಗುವವರು ಹಿಡಿಯುವ ಮೀರಜದ ಬಸ್ಸು ಬಂತು. ಅವನು ಎದ್ದು, ಟವೆಲ್ಲಿನಿಂದ ಮುಖ ಒರೆಸಿಕೊಂಡು, ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿದ.