ಆರಿಸಿದ ಕಲ್ಲು

"ಆ ಕ್ವೆನ್ ಬೊಗಳಾಟ ನನ್ನೆದುರಿಗೆ ಬೇಡ. ನಾರ್ವೆ ಮಾತಲ್ಲಿ ಒದರು. ಇದಕ್ಕೇನಂತಾರೆ?" ಸರ್ಕಾರಿ ಸಾಹೇಬ ಕುಡುಗೋಲನ್ನು ಬೂಟಿನಿಂದ ತಿವಿದು ಕೇಳಿದ.

ಸೊಹ್ವಿ ಹೇಳಿದಳು. ಬಕೆಟ್ಟಿಗೆ, ಬಾಗಿಲಿಗೆ, ಒಲೆಗೆ, ಎಲ್ಲಕ್ಕೂ ನಾರ್ವೆಯ ಹೆಸರು ಹೇಳಿದಳು. ಚಳಿಗಾಲವಿಡೀ ಬಾಯಿಪಾಠ ಮಾಡಿದ್ದಳಲ್ಲ! ಗಡಿಯಾಚೆಯಿಂದ ಬಂದ ಕ್ವೆನ್ ಜನ ಅವರು, ಮನೆಮಾತೇ ಬೇರೆ. ಮನೆಯಲ್ಲಿ ದಿನಾ ನಾರ್ವೆ ಮಾತು ಆಡದವರಿಗೆ ನಾರ್ವೆಯ ಈ ವರಂಗೇರ್ ತೀರದಲ್ಲಿ ಸರ್ಕಾರ ಜಮೀನು ಮಾರಕೂಡದು ಅಂತ ಕಾನೂನು. ಹದಿನೆಂಟು ವರ್ಷ ಅವಳೂ ಗಂಡ ಈಸಕ್ಕಿಯೂ ಕಲ್ಲು ಆರಿಸಿ, ಜೌಗು ಬಸಿದು, ಹುಲ್ಲು ಬೆಳೆಸಿದ ನೆಲ, ಕಾಗದದಲ್ಲಿ ಇನ್ನೂ ಸರ್ಕಾರದ್ದು; ಕೊಳ್ಳಲು ಈಗ ಅರ್ಜಿ ಹಾಕಿದ್ದಳು. ಮೀನಿಗೆ ಹೋದ ಈಸಕ್ಕಿ ಹೋದ ವರ್ಷ ತಿರುಗಿ ಬರಲಿಲ್ಲ. ಉಳಿದದ್ದು ಈ ನೆಲ, ಒಂದು ಹಸು, ಒಲೆಯ ಪಕ್ಕ ಉಣ್ಣೆ ಹಿಂಜುತ್ತ ಕೂತ ಅತ್ತೆ ವಲ್ಪುರಿ.

"ಮುದುಕಿಗೆ ನಾಲಿಗೆ ಇಲ್ವಾ?"

"ಕಿವಿ ಕೇಳ್ಸಾಕಿಲ್ಲ ಸಾಹೇಬ್ರೇ," ಬಾಯಿಪಾಠದ ನಾರ್ವೆಯಲ್ಲೇ ಅಂದಳು ಸೊಹ್ವಿ.

ನಾರ್ವೆ ಮಾತು ಬಾರದ ಮುದುಕಿಗೆ ಬೆಳಗ್ಗೆಯೇ ಅಂಗಲಾಚಿದ್ದಳು: "ಅತ್ತೆ, ನಿನ್ ದಮ್ಮಯ್ಯ, ಅವ್ನು ಹೋಗೋಗಂಟ ಬಾಯ್ ಬಿಡ್‌ಬ್ಯಾಡ."

"ಹಲ್ಲಿಲ್ಲದ ಬಾಯಿ, ಮುಚ್ಚುದ್ರೇನು ತೆಗುದ್ರೇನು," ಅಂದಿದ್ದಳು ಮುದುಕಿ.

ಸಾಹೇಬ ಅಂಗಳಕ್ಕೆ ಬಂದ. "ಹಸೂನ ಕೂಗಿ ಕರಿ ನೋಡೋಣ. ನಮ್ಮ ಭಾಷೇಲಿ."

ಸೊಹ್ವಿ ಕೂಗಿ ಕರೆದಳು. ಹೊಲದಾಚೆ ಜೌಗಿನಂಚಿನಲ್ಲಿದ್ದ ಹಸು ಹೆಲೂನಾ ತಲೆಯೆತ್ತಿ ನೋಡಿ, ಮತ್ತೆ ಅತ್ತ ತಿರುಗಿತು. ಸಾಹೇಬ ಹೊಟ್ಟೆ ಹಿಡಿದು ನಕ್ಕ. "ದಿನಾ ಇದನ್ನೇ ಆಡ್ತೀನಿ ಅಂತ ಅರ್ಜೀಲಿ ಬರೆಸಿದೀಯ. ನಿನ್ನ ಹಸುವಿಗೇ ಗೊತ್ತಿಲ್ವಲ್ಲೇ!"

ಇನ್ನೊಮ್ಮೆ ಕೂಗಿದಳು. ಹಸು ಗಾಬರಿಯಿಂದ ಜೌಗಿನೊಳಕ್ಕೇ ಹೆಜ್ಜೆಯಿಟ್ಟಿತು. ಮುಂಗಾಲು ಮಂಡಿತನಕ ಕಪ್ಪು ಕೆಸರಲ್ಲಿ ಹೂತು, ಅರಚತೊಡಗಿತು. ಬಾಯಿಗೆ ಬಂದ ತನ್ನ ಮಾತಿನ ಕರೆಯನ್ನು ಸೊಹ್ವಿ ತುಟಿ ಕಚ್ಚಿ ತಡೆದಳು.

"ಪ್ತ್ರೂಯ್! ಪ್ತ್ರೂಯ್! ಹೆಲೂನಾ, ಈ ಕಡೀಕ್ ಬಾರೇ ನನ್ನವ್ವಾ!"

ಹೊಸ್ತಿಲಲ್ಲಿ ವಲ್ಪುರಿ. ಕೈಯಲ್ಲಿ ಉಣ್ಣೆ, ಬಾಯಲ್ಲಿ ಅಪ್ಪಟ ತಮ್ಮ ಮಾತು. ಹಸು ಒದ್ದಾಡಿ ಕಾಲು ಕಿತ್ತುಕೊಂಡು ಸೀದಾ ಅವಳ ಹತ್ತಿರ ಓಡಿಬಂತು.

ಸಾಹೇಬ ಅರ್ಜಿಯ ಮೇಲೆ ಗೆರೆ ಎಳೆದ. "ಕಿವುಡಿಗೆ ಗಂಟಲು ಭರ್ಜರಿಯಾಗಿದೆ. ದಕ್ಷಿಣದಿಂದ ನಮ್ಮವನೊಬ್ಬ ರೈತ ಬರ್ತಾನೆ. ಹಸನಾದ ನೆಲ, ಅವನಿಗೇನೂ ಕಷ್ಟವಿಲ್ಲ."

"ಮುಳುಗ್ತಿತ್ತು ಕಣ್ ಮಗಾ... ತಡ್ಕಳಕ್ಕಾಗ್ನಿಲ್ಲ..." ಮುದುಕಿ ಹಸುವಿನ ಕಾಲಿನ ಕೆಸರನ್ನು ಕೈಲಿದ್ದ ಉಣ್ಣೆಯಿಂದ ಒರೆಸಿದಳು.

ಸೊಹ್ವಿ ಹೊಲದ ಅಂಚಿಗೆ ಹೋದಳು. ಹದಿನೆಂಟು ವರ್ಷ ಆರಿಸಿದ ಕಲ್ಲು ಅಲ್ಲಿ ಆಳೆತ್ತರ ಬಿದ್ದಿತ್ತು. ಒಂದನ್ನು ಹೊಟ್ಟೆಗೆ ಅವುಚಿ ತಂದು, ಹುಲ್ಲಿನ ನಟ್ಟನಡುವೆ ದೊಪ್ಪನೆ ಹಾಕಿದಳು. ತಿರುಗಿ ಹೋಗಿ ಇನ್ನೊಂದು ತಂದಳು.

"ಏಯ್! ಏನೇ ಅದು?" ಸಾಹೇಬ ಕೂಗಿದ.

ಈ ಸಲ ತನ್ನ ಮಾತಲ್ಲೇ ಹೇಳಿದಳು: "ನಿಮ್ ಕಲ್ಲು ನಿಮ್ಗೇ ಮಡಗ್ತಾ ಇವ್ನಿ ಕಣೋ, ಬೋಳಿಮಗ್ನೆ. ನಾವ್ ಬಂದಾಗ ಹೆಂಗಿತ್ತೋ ಹಂಗೇ ತಗಳಿ."

ಅವನಿಗೆ ಅರ್ಥವಾಗಲಿಲ್ಲ. ಅವನ ಕುದುರೆ ದಿಬ್ಬ ಹತ್ತುವಷ್ಟರಲ್ಲಿ ಮುದುಕಿಯೂ ಮಡಿಲಲ್ಲಿ ಒಂದು ಕಲ್ಲು ಕಟ್ಟಿಕೊಂಡು ಬಂದಿದ್ದಳು.

ಅದು ರಾತ್ರಿಯೂ ಸೂರ್ಯ ಮುಳುಗದ ಬೇಸಿಗೆಯ ತಿಂಗಳು. ಹೊತ್ತು ಬೇಕಾದಷ್ಟಿತ್ತು.