ಎಣ್ಣೆಯಲ್ಲಿ ಕಲಸಿದ ಕುಂಕುಮ

ಆ ಲಿಫ್ಟು ಹೊಸದೇನಲ್ಲ. ಆಸ್ಟ್ರಿಯಾ ದೇಶದ ಯಾವುದೋ ಹಿಮದ ಗುಡ್ಡದಲ್ಲಿ ಜನರನ್ನು ಹೊತ್ತು ಹೊತ್ತು ಸವೆದದ್ದು. ಅಲ್ಲಿಯವರು ಇನ್ನೂ ದೊಡ್ಡದು, ಇನ್ನೂ ವೇಗದ್ದು ಹಾಕಿಸಿಕೊಂಡರಂತೆ. ಬಿಚ್ಚಿಟ್ಟ ಹಳೆಯದನ್ನು ನಮ್ಮ ಕಫೀಲ್, ಅಂದರೆ ವೀಸಾ ಕೊಟ್ಟ ಅರಬ್ಬಿ ಧಣಿ, ಖರೀದಿಸಿ, ಗಲ್ಫಿನ ಇಬ್ರಿ ಪೇಟೆಯಿಂದ ಎರಡು ಗಂಟೆ ದೂರದ ತಮ್ಮ ಗುಡ್ಡದ ಹೋಟೆಲಿಗೆ ತರಿಸಿದರು. ತಂತಿಹಗ್ಗಕ್ಕೆ ನೇತುಬೀಳುವ ಕುರ್ಚಿಗಳು, ಅವುಗಳ ಬೆನ್ನಿಗೆಲ್ಲ ಹಿಮದ ಮೇಲೆ ಜಾರುವ ಮನುಷ್ಯನ ಚಿತ್ರ. ಮಳೆಯನ್ನೇ ಕಾಣದ ಬೋಳು ಗುಡ್ಡಕ್ಕೆ ಹಿಮದ ಲಿಫ್ಟು! ಮೊದಲ ಸಲ ನೋಡಿದಾಗ ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಆದರೆ ನನ್ನ ಸಂಸಾರ ನಿಂತಿದ್ದದ್ದೂ ಅದರ ಮೇಲೆಯೇ.

ಇವರನ್ನು, ಅಂದರೆ ಆ ಹೋಟೆಲಿನ ಮೆಕ್ಯಾನಿಕ್ ಕೊಗ್ಗ ಎಂಬವರನ್ನು, ಮದುವೆಯಾಗಿ ಆಗ ಒಂಬತ್ತು ವರ್ಷ. ಎರಡು ವರ್ಷಕ್ಕೊಮ್ಮೆ ಕಾರ್ಕಳಕ್ಕೆ ಬರುವುದು, ನೆಂಟರ ಮನೆಯ ಊಟ ಮುಗಿಯುವುದರೊಳಗೆ ಹೊರಡುವುದು. ನೆರೆಕರೆಯ ಹೆಂಗಸರು ನನ್ನ ಹೊಟ್ಟೆಯನ್ನೇ ನೋಡುತ್ತಾ "ಇನ್ನೂ ಎಂತದೂ ಇಲ್ವಾ ವಸಂತಿ?" ಎಂದು ಕೇಳುವುದು. ಎಂತ ಹೇಳಲಿ? ಗಂಡ ಕಡಲಾಚೆ ಇದ್ದರೆ ಮಗು ಅಂಚೆಯಲ್ಲಿ ಬರುತ್ತದಾ ಮಾರಾಯ್ರೆ?

ತೊಂಬತ್ತನಾಲ್ಕರಲ್ಲಿ ಹೋಟೆಲಿನ ಎಂಜಿನಿಯರ್ ದೊರೆಸ್ವಾಮಿಯವರು ಇವರನ್ನು ಕರೆದು, "ಕೊಗ್ಗ, ಲಿಫ್ಟ್ ಆಪರೇಟರ್ ನೀನೇ ಕಣಪ್ಪ. ಫ್ಯಾಮಿಲಿ ಕ್ವಾರ್ಟರ್ಸ್ ಕೊಡಿಸ್ತೀನಿ, ಮನೆಯವರನ್ನ ಕರೆಸ್ಕೊ" ಎಂದರು. ಮೈಸೂರಿನವರು, ಬಾಯಲ್ಲಿ ಸಕ್ಕರೆ. ನಾನು ಬಂದೆ. ಒಂದು ಕೋಣೆ, ಒಂದು ಅಡುಗೆಮನೆ, ಕಿಟಕಿಯ ಹೊರಗೆ ಬರೀ ಕಲ್ಲು. ನನಗೆ ಅದೇ ಅರಮನೆ. ಇವರು ಬೆಳಿಗ್ಗೆ ಕೆಲಸಕ್ಕೆ ಹೋದವರು ಸಂಜೆ ಮನೆಗೇ ಬರುತ್ತಾರೆ ಎಂಬುದು ನಂಬಿಕೆಯಾಗಲು ನನಗೆ ಎಷ್ಟೋ ದಿನ ಬೇಕಾಯಿತು. ಬಿಸಿ ಗಂಜಿ ಬಡಿಸಿ ಎದುರು ಕೂತು ನೋಡುತ್ತಿದ್ದೆ. "ಎಂತ ಹಾಗೆ ನೋಡುವುದು, ನಾನೇನು ಸಿನೆಮಾವಾ?" ಎಂದು ಇವರು ನಾಚುತ್ತಿದ್ದರು.

ಲಿಫ್ಟು ಉದ್ಘಾಟನೆಯ ದಿನ ಅತಿಥಿಗಳು ಬರುವ ಮೊದಲೇ ದೊರೆಸ್ವಾಮಿ ನಮ್ಮನ್ನು ಕೆಳಗಿನ ಸ್ಟೇಷನ್ನಿಗೆ ಕರೆಸಿದರು. "ಎಷ್ಟಾದ್ರೂ ಯಂತ್ರ. ಪೂಜೆ ಇಲ್ದೆ ಸ್ಟಾರ್ಟ್ ಮಾಡಬಾರ್ದು." ಜನರೇಟರಿಗೂ, ನೀರಿನ ಪಂಪಿಗೂ ಪೂಜೆ ಮಾಡಿಸಿದ್ದ ಮನುಷ್ಯ. ತಪ್ಪೇನಿಲ್ಲ, ನಮ್ಮಲ್ಲೂ ಸೈಕಲ್ಲಿಗೂ ಹೂ ಹಾಕುತ್ತೇವೆ. ಅವರ ಹೆಂಡತಿ ಲಲಿತಮ್ಮ ಬೆಳ್ಳಿ ಬಟ್ಟಲಲ್ಲಿ ಕುಂಕುಮ ತಂದಿದ್ದರು. "ಒಣ ಕುಂಕುಮ ಈ ಗಾಳೀಲಿ ನಿಲ್ಲಲ್ಲ ಕಣಮ್ಮ" ಎನ್ನುತ್ತಾ ನನ್ನೆದುರೇ ಎಳ್ಳೆಣ್ಣೆ ಸುರಿದು ಕಲಸಿದರು.

ತಂತಿಹಗ್ಗವನ್ನು ಎಳೆಯುವ ದೊಡ್ಡ ಚಕ್ರವೊಂದು ಅಲ್ಲಿ ಮಲಗಿದ ಹಾಗೆ ಇತ್ತು. ಅದರ ಅಂಚಿನ ಕೊರಕಲಿಗೆ ರಬ್ಬರು, ಹಗ್ಗ ಕೂರುವುದು ಆ ರಬ್ಬರಿನ ಮೇಲೆ. ದೊರೆಸ್ವಾಮಿಗೆ ಒಂದು ಬೊಟ್ಟು ಸಾಕಾಗಲಿಲ್ಲ. ಇವರಿಗೆ ಚಕ್ರ ಮೆಲ್ಲ ತಿರುಗಿಸಲು ಹೇಳಿ, ತಾವು ಮಂತ್ರ ಹೇಳುತ್ತಾ ರಬ್ಬರಿಗೂ ಸುತ್ತ ಬಳಿದರು, ಮದುಮಗನಿಗೆ ಎಣ್ಣೆ ಹಚ್ಚುವ ಹಾಗೆ. ಬಟ್ಟಲು ಖಾಲಿಯಾಯಿತು. ಇವರು ಸ್ವಿಚ್ಚಿನ ಹತ್ತಿರ ಕೈಮುಗಿದು, "ದೇವರೇ, ಇವಳನ್ನು ಇಲ್ಲೇ ಇರುವ ಹಾಗೆ ಮಾಡು" ಎಂದು ತುಳುವಿನಲ್ಲಿ ಬೇಡಿಕೊಂಡದ್ದು ನನಗೆ ಮಾತ್ರ ಕೇಳಿತು.

ಆಮೇಲೆ ಕಫೀಲ್ ಬಂದರು. ಅವರ ತಾಯಿ ಲುಬಾನ್ ಧೂಪದ ಮಡಕೆ ಹಿಡಿದು ಅದೇ ಚಕ್ರದ ಸುತ್ತ ಹೊಗೆ ಹಾಕಿದರು. ನೋಡಿ, ಆ ತಾಯಿಯದೂ ನಮ್ಮದೂ ಒಂದೇ ಕತೆ. ಕಫೀಲ್ ತಮ್ಮ ಮುದಿ ತಂದೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೊದಲ ಕುರ್ಚಿ ಹತ್ತಿದರು. "ಯಲ್ಲಾ!" ಎಂದರು. ಇವರು ಸ್ವಿಚ್ಚು ಒತ್ತಿದರು.

ಕುರ್ಚಿ ಕಣಿವೆಯ ಮೇಲೆ ಹೋಗಿ ಏರು ಶುರುವಾಗುತ್ತಲೇ ನಿಂತಿತು. ಕೆಳಗೆ ಚಕ್ರ ಮಾತ್ರ ಗಿರಗಿರ ತಿರುಗುತ್ತಿತ್ತು, ಹಗ್ಗ ಜಪ್ಪಯ್ಯ ಎಂದರೂ ಕದಲಲಿಲ್ಲ. ಸುಟ್ಟ ರಬ್ಬರಿನ ನಾತ. ಆ ಸುಡು ಬಿಸಿಲಲ್ಲಿ ಮುದುಕರು ತೂಗಾಡುತ್ತಾ ಕೂಗಿಕೊಂಡರು. ಏಣಿ ಕಟ್ಟಿ ಇಳಿಸುವಷ್ಟರಲ್ಲಿ ಅವರಿಗೆ ಪ್ರಜ್ಞೆ ತಪ್ಪಿತ್ತು. ಪುಣ್ಯಕ್ಕೆ ಜೀವ ಉಳಿಯಿತು.

ಲಿಫ್ಟಿನ ಜೊತೆ ಬಂದಿದ್ದ ಆಸ್ಟ್ರಿಯಾದ ಎಂಜಿನಿಯರ್ ರಬ್ಬರಿಗೆ ಬೆರಳಿಟ್ಟು ಮೂಸಿದ. ಬೆರಳು ಕೆಂಪಾಗಿತ್ತು. ಎಣ್ಣೆ ಹಚ್ಚಿ ಹಗ್ಗ ಜಾರುವ ಹಾಗೆ ಮಾಡಿದ್ದು ಯಾರು ಎಂದು ಕೂಗಾಡಿದ. ದೊರೆಸ್ವಾಮಿ, "ವಿಚಾರಿಸ್ತೀನಿ" ಎಂದರು. ವಿಚಾರಿಸುತ್ತಾರಂತೆ, ಆ ಬೆರಳುಗಳ ಸಂದಿಯಲ್ಲಿ ಆಗಲೂ ಕುಂಕುಮ ಇತ್ತು.

ಸಂಜೆ ದೊರೆಸ್ವಾಮಿ ನಮ್ಮ ಮನೆಗೆ ಬಂದರು. ಚಾಪೆಯ ಮೇಲೆ ಕೂತರು. ಅಷ್ಟು ದೊಡ್ಡವರು ಚಾಪೆಯ ಮೇಲೆ ಕೂತದ್ದಕ್ಕೇ ಇವರು ಅರ್ಧ ಕರಗಿಹೋದರು.

"ಪೂಜೆ ಅಂತ ಬಾಯಿ ಬಿಟ್ರೆ ಲೇಬರ್ ಕ್ಯಾಂಪಲ್ಲಿ ನಿಮ್ಮೋರು ಗುಟ್ಟಾಗಿ ನಡೆಸೋ ಭಜನೆ ರೂಮೂ ಖಲಾಸ್ ಆಗುತ್ತೆ ಕೊಗ್ಗ. ಗೊತ್ತಿಲ್ದೆ ಆಯಿಲ್ ಹಾಕ್ದೆ ಅಂದ್ಬಿಡು. ಊರಿಗೆ ಕಳಿಸ್ತಾರೆ, ನಿಜ. ಆಮೇಲೆ ನಾನೇ ಬೇರೆ ವೀಸಾ ನೋಡ್ತೀನಿ."

ನನಗೆ ಮೈ ಉರಿದುಹೋಯಿತು. "ಬಳಿದದ್ದು ನೀವು ಸರ್! ಕಫೀಲ್ ತಾಯಿಯೂ ಧೂಪ ಹಾಕಿದ್ದಾರೆ, ಪೂಜೆ ಎಂದರೆ ಅವರಿಗೆ ಅರ್ಥ ಆಗುವುದಿಲ್ವಾ? ನೀವೇ ಹೋಗಿ ಹೇಳಿ."

ದೊರೆಸ್ವಾಮಿ ನನ್ನ ಕಡೆ ನೋಡಲೇ ಇಲ್ಲ. "ನನಗೆ ಸ್ಕೂಲಿಗೆ ಹೋಗೋ ಹೆಣ್ಮಕ್ಕಳಿದ್ದಾರಪ್ಪ. ನಿಮಗೇನು, ಮಕ್ಕಳು ಮರಿ ಇಲ್ಲ. ಎಲ್ಲಿದ್ರೂ ನಡೆಯುತ್ತೆ."

ಇವರು ತಲೆ ತಗ್ಗಿಸಿ, "ಆಯ್ತು ಸರ್" ಎಂದರು.

ಆ ರಾತ್ರಿ ನಾನು ಇವರಿಗೆ ಬಾಯಿಗೆ ಬಂದಂತೆ ಬೈದೆ. "ನಿಮಗೆ ನಾಚಿಕೆ ಇಲ್ವಾ? ನಮಗೆ ಯಾಕೆ ಮಕ್ಕಳಿಲ್ಲ ಎಂದು ಅವರಿಗೆ ಹೇಳಲಿಕ್ಕೆ ನಿಮಗೆ ಬಾಯಿ ಇರಲಿಲ್ವಾ?"

"ಕೆಲಸ ಕೊಟ್ಟವರು ವಸಂತಿ" ಎಂದರು ಇವರು. ಅಷ್ಟೇ. ಗೋಡೆಗೆ ಮುಖ ಮಾಡಿ ಮಲಗಿದವರ ಭುಜ ಅಲುಗುತ್ತಿತ್ತು.

ಮರುದಿನ ಆಫೀಸಿನಲ್ಲಿ ಕಫೀಲ್ ಇವರನ್ನು ಎರಡು ಸಲ ಕೇಳಿದರಂತೆ: "ನೀನೇ ಹಚ್ಚಿದ್ದಾ? ಯಾರಾದರೂ ಹೇಳಿದರಾ?" ಎರಡು ಸಲವೂ ಇವರು "ನಾನೇ" ಎಂದರು. ದೊರೆಸ್ವಾಮಿ ಪಕ್ಕದಲ್ಲೇ ನಿಂತು ಅದನ್ನು ಅರಬ್ಬಿಗೆ ತಿರುಗಿಸಿ ಹೇಳಿದರು. ವೀಸಾ ಕ್ಯಾನ್ಸಲ್ ಆಯಿತು.

ನಾವು ಹೊರಡುವ ದಿನವೇ ಲಿಫ್ಟು ಮತ್ತೆ ಶುರು. ರಬ್ಬರು ಹೊಸದು, ಆಪರೇಟರ್ ಕೂಡ ಹೊಸಬ. ಪಿಕಪ್ ಬಾಗಿಲಿಗೆ ಬಂದು ನಿಂತಿತ್ತು. ಇವರು ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದರು. ಆಗ ಲಲಿತಮ್ಮ ಪೂಜೆಯ ತಟ್ಟೆ ಹಿಡಿದುಕೊಂಡು ಸ್ಟೇಷನ್ನಿನ ಕಡೆ ಹೊರಟವರು ನನ್ನನ್ನು ಕಂಡು ನಿಂತರು.

"ಊರಿಗೆ ಹೊರಟ ಮುತ್ತೈದೆನ ಹಾಗೇ ಕಳಿಸಬಾರ್ದು. ಬಾಮ್ಮ, ಕುಂಕುಮ ತಗೋ."

ಬೇಡ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಕುಂಕುಮ ಬೇಡ ಎಂದ ಹೆಂಗಸನ್ನು ನಾನು ಹುಟ್ಟಿದಲ್ಲಿಂದ ಕಂಡಿಲ್ಲ. ಗಂಡನಿಗೆ ಕೇಡು ಬಯಸಿದ ಹಾಗಲ್ಲವಾ ಅದು? ಹಣೆ ಒಡ್ಡಿದೆ. ಅವರು ಇಟ್ಟ ಬೊಟ್ಟು ನಿಲ್ಲಲಿಲ್ಲ, ತಣ್ಣಗೆ ಮೂಗಿನ ಮೇಲೆ ಇಳಿಯಿತು. ನಾನು ಬೆಳ್ಳಿ ಬಟ್ಟಲಿಗೆ ಬಗ್ಗಿ ನೋಡಿದೆ.

"ಈ ಸಲ ಎಣ್ಣೆ ಹಾಕ್ಲಿಲ್ವಾ ಅಮ್ಮ?"

"ಅಯ್ಯೋ, ಇಲ್ಲ ಕಣಮ್ಮ" ಎಂದರು ಲಲಿತಮ್ಮ, ಸೆರಗಿನಿಂದ ನನ್ನ ಮೂಗು ಒರೆಸುತ್ತಾ. "ಇನ್ಮೇಲೆ ನೀರಲ್ಲೇ ಕಲಸು ಅಂತ ನಮ್ಮ ಯಜಮಾನ್ರು ಹೇಳಿದ್ದಾರೆ."