ಬೇಟೆಯ ಮುನ್ನಾದಿನ

ಮತ್ತೆ ಆ ಪಾರ್ಸಲ್ ಗಾಡಿ, ಕಿಟಕಿಯ ಮುಂದೆ ಹಾದುಹೋದಾಗ ಒಂದು ಕ್ಷಣ ಅಂಗಡಿಯೊಳಗೆಲ್ಲ ಮೋಡ ಕವಿದಂತಾಗಿ ಮತ್ತೆ ಬೆಳಕಾಯಿತು, ಎದುರು ಮನೆಯ ಮುಂದೆ ನಿಲ್ಲುತ್ತದೇನೋ, ನಿಂತೇಬಿಟ್ಟಿತು, ಅದನ್ನು ಓಡಿಸುವ ಡಾರ್ಲಾ ಸೊಂಟ ಹಿಡಿದುಕೊಂಡು ಇಳಿದಳು, ಕೈಯಲ್ಲಿ ಪೆಟ್ಟಿಗೆ, ಬೂಟಿನ ಪೆಟ್ಟಿಗೆಯೇ, ಅಂಗಡಿಯ ಕಿಟಕಿಯಲ್ಲಿ ನಿಂತ ಐಲಿಗೆ ಅದರ ಆಕಾರ ನೋಡಿದರೆ ಸಾಕು, ಅಂಥವನ್ನು ಅಟ್ಟಕ್ಕೆ ಏರಿಸುತ್ತ ಇಳಿಸುತ್ತಲೇ ಅಲ್ಲವೆ ಕೂದಲು ಬೆಳ್ಳಗಾದದ್ದು — ಎದುರು ಮನೆಯ ರಾಲ್ಫ್ ನೀಮಿ, ರಸ್ತೆ ದಾಟಿದರೆ ಅಂಗಡಿ, ಹೋದ ವಾರ ದಾಟಿ ಬಂದೂ ಇದ್ದ, ಎಡಗಾಲಿಗೆ ಹಾಕಿ ನೋಡಿದ, ಬಲಗಾಲಿಗೆ ಹಾಕಿ ನೋಡಿದ, ಬಂದೂಕಿನ ಕಪಾಟಿನವರೆಗೆ ನಡೆದುಹೋಗಿ ತಿರುಗಿ ಬಂದ, ಅಳತೆ ಎಷ್ಟು ಅಂದ್ರಿ ಎಂದು ಎರಡೆರಡು ಸಲ ಕೇಳಿಕೊಂಡ, ಚೆನ್ನಾಗಿದೆ ಐಲಿ, ಯೋಚನೆ ಮಾಡ್ತೀನಿ ಅಂದ. ಯೋಚನೆ ಮಾಡಿದ್ದು ಇದನ್ನು, ಅದೇ ಬೂಟನ್ನು ಫೋನಿನಲ್ಲಿ ತರಿಸಿಕೊಳ್ಳುವುದನ್ನು. ಸಿಟ್ಟು ಬರಬೇಕಿತ್ತು, ಬರಲಿಲ್ಲ, ಸಿಟ್ಟು ಬರುವುದು ಯಾವಾಗಲೋ ನಿಂತುಹೋಗಿದೆ, ಇವತ್ತೊಂದು ದಿನ ಕಳೆದರೆ ಕೊಸ್ಕೆಲಾ ಬೇಟೆ ಸಾಮಾನಿನ ಅಂಗಡಿ ಎಂಬ ಹಲಗೆಯನ್ನು ಇಳಿಸುತ್ತಾರೆ, ಅಪ್ಪ ಕೈಯಾರೆ ಹಸಿರು ಬಣ್ಣ ಬಳಿದ ಹಲಗೆ, ಅದರ ಹಿಂಬದಿಗೆ ಗುಬ್ಬಿಗೂಡು ಇದ್ದರೂ ಇದ್ದೀತು. ಸೆಪ್ಟೆಂಬರಿನಲ್ಲೇ ಮುಚ್ಚಿಬಿಡಿ, ಚಳಿಗಾಲದ ಸೌದೆ ಖರ್ಚಾದರೂ ಉಳಿಯುತ್ತೆ ಎಂದು ಎಲ್ಲರೂ ಹೇಳಿದರು, ಐಲಿ ಕೇಳಲಿಲ್ಲ, ನವೆಂಬರಿನಲ್ಲಿ ಜಿಂಕೆ ಬೇಟೆ ಶುರುವಾಗೋ ಮುನ್ನಾದಿನದವರೆಗೆ ತೆರೆದಿರ್ತೀನಿ ಎಂದು ಹಟ ಹಿಡಿದಳು, ಯಾಕೆ ಎಂದು ಯಾರೂ ಕೇಳಲಿಲ್ಲ, ಅದೇ ಪುಣ್ಯ.

ಯಾಕೆಂದರೆ ಅವನು ಬರುತ್ತಿದ್ದದ್ದು ಈ ದಿನ. ವರ್ಷಕ್ಕೆ ಒಂದೇ ದಿನ, ಬೇಟೆಯ ಮುನ್ನಾದಿನ, ದೊಡ್ಡ ಸೇತುವೆ ದಾಟಿ ತೆಂಕಣದ ಊರುಗಳಿಂದ ಗಾಡಿಗಳ ಸಾಲು ಸಾಲು, ಕಾಡಿನಲ್ಲಿ ಒಬ್ಬರಿಗೊಬ್ಬರು ಕಾಣಲೆಂದು ಮೈಯೆಲ್ಲ ಕಿತ್ತಳೆ ಬಣ್ಣ ತೊಟ್ಟ ಗಂಡಸರು, ಅಂಗಡಿಯೊಳಗೆ ಕಾಲಿಡಲು ಜಾಗವಿಲ್ಲ, ಒದ್ದೆ ಉಣ್ಣೆಯ ವಾಸನೆ, ಬಂದೂಕಿನೆಣ್ಣೆ, ಒಲೆಯ ಮೇಲೆ ಕುದಿಕುದಿದು ಕಹಿಯಾದ ಕಾಫಿ, ಅಪ್ಪ ಒಂದು ಕೈಯಲ್ಲಿ ಲೈಸೆನ್ಸ್ ಬರೆಯುತ್ತ ಇನ್ನೊಂದು ಕೈಯಲ್ಲಿ ತೋಟಾ ಎಣಿಸುತ್ತ ಬಾಯಲ್ಲಿ ಜಿಂಕೆ ತಿಂದುಹಾಕುವ ತೋಳಗಳ ಬಗ್ಗೆ ಜಗಳವಾಡುತ್ತಿದ್ದ, ಹೊರಗೆ ಬೀದಿಯಲ್ಲಿ ಗಳ ನೆಟ್ಟಿರುತ್ತಿದ್ದರು, ಮರುದಿನ ಹೊಡೆದ ಜಿಂಕೆಗಳನ್ನೆಲ್ಲ ಅದಕ್ಕೇ ತೂಗುಹಾಕುವುದು, ಊರಿಗೆ ಊರೇ ನಿಂತು ನೋಡುವುದು, ಯಾರದ್ದು ದೊಡ್ಡ ಕೊಂಬು, ಯಾರು ಬರಿಗೈಯಲ್ಲಿ ಬಂದವರು, ಈಗ ಗಳವೂ ಇಲ್ಲ, ಹೊಡೆದವರು ಫೋನಿನಲ್ಲಿ ಚಿತ್ರ ಹಾಕಿಕೊಳ್ಳುತ್ತಾರೆ, ಒಬ್ಬೊಬ್ಬರೇ ನೋಡಿಕೊಳ್ಳುತ್ತಾರೆ. ಅಂಥ ಗದ್ದಲದ ನಡುವೆ ಹಾರ್ಲನ್ ಡೆಕ್ಕರ್, ಮೊದಲ ಸಲ ಬಂದಾಗ ಮೂವರು ಗೆಳೆಯರ ಹಿಂದೆ ನಾಚಿಕೊಂಡು ನಿಂತಿದ್ದ, ಪಟ್ಟಣದ ಬೂಟು, ಅದರೊಳಗೆ ತೆಳ್ಳನೆಯ ಕಾಲುಚೀಲ, ಐಲಿ ಮಂಡಿಯೂರಿ ಅಳತೆ ತೆಗೆಯುತ್ತ, ಈ ಕಾಲುಚೀಲದಲ್ಲಿ ಕಾಡಿಗೆ ಹೋದ್ರೆ ನಿಮ್ಮನ್ನ ನೋಡಿ ಜಿಂಕೆ ನಗುತ್ತೆ ಅಂದಳು, ನಗೋಕೆ ಅಂತ ನಿಂತ್ರೆ ಒಳ್ಳೇದೇ ಆಯ್ತಲ್ಲ, ಹೊಡೆಯೋದು ಸುಲಭ, ಅಂದ ಅವನು, ಮೇಲಿನಿಂದ, ಅವಳ ತಲೆಯ ಮೇಲೆ ಬಿತ್ತು ಆ ಮಾತು, ತಲೆ ಎತ್ತಿ ನೋಡಿದಳು. ಆಮೇಲೆ ಪ್ರತಿ ವರ್ಷ. ಬೇಡದ್ದೇನಾದರೂ ಒಂದು ಕೊಳ್ಳುತ್ತಿದ್ದ, ಒಂದು ದಿಕ್ಸೂಚಿ, ಮರುವರ್ಷ ಇನ್ನೊಂದು ದಿಕ್ಸೂಚಿ, ಹೋದ ಸಲದ್ದು ಏನಾಯ್ತು ಎಂದರೆ ಅದು ನಿಮ್ಮ ಅಂಗಡಿ ಕಡೆಗೇ ತೋರಿಸ್ತಿತ್ತು, ಕೆಟ್ಟೋಗಿದೆ ಅಂದಿದ್ದ, ಗೆಳೆಯರು ಹೋ ಎಂದು ನಕ್ಕರು, ಐಲಿಯೂ ನಕ್ಕಳು, ಅವನಿಗೆ ಹೆಂಡತಿ ಇದ್ದಳು, ಐಲಿಗೂ ಆಗ ಇನ್ನೂ ಗಂಡ ಎಂಬುವನಿದ್ದ, ನಿನಗೆ ಗಂಡ ಬೇಡ ಕಣೆ, ಅಂಗಡಿ ಸಾಕು ಎಂದು ಹೇಳಿ ಬಿಸಿಲಿನ ನಾಡಿಗೆ ಹೋದವನು. ತಪ್ಪೇನಲ್ಲ ಅವನು ಹೇಳಿದ್ದು.

ಹಾರ್ಲನ್ನನ ಹೆಂಡತಿ ತೀರಿಕೊಂಡ ವರ್ಷವೂ ಅವನು ಬಂದ, ಉಣ್ಣೆಯಂಗಿಗಳ ಸಾಲಿನ ಹತ್ತಿರ ನಿಂತ, ಏನೂ ಮುಟ್ಟಲಿಲ್ಲ, ಏನು ಬೇಕಿತ್ತು ಎಂದು ಐಲಿ ಕೇಳಿದಾಗ, ಏನಿಲ್ಲ, ಸ್ವಲ್ಪ ಹೊತ್ತು ಸುಮ್ನೆ ನಿಂತ್ಕೊಳ್ಳಲಾ ಅಂದ, ನಿಂತ್ಕೊಳ್ಳಿ ಅಂದಳು, ನಿಂತೇ ಇದ್ದ, ಅವನ ಸುತ್ತ ಜನ ನುಗ್ಗಾಡುತ್ತಿದ್ದರು, ಅವನ ಭುಜದ ಮೇಲಿಂದ ಕೈ ಚಾಚಿ ಅಂಗಿ ಎಳೆದುಕೊಳ್ಳುತ್ತಿದ್ದರು, ಯಾರೂ ಅವನನ್ನು ಏನೂ ಕೇಳಲಿಲ್ಲ, ಹೆಂಡತಿ ಸತ್ತ ಮನುಷ್ಯ ಸುಮ್ಮನೆ ನಿಲ್ಲುವುದಕ್ಕೆ ಬೇರೆಲ್ಲಿದೆ ಜಾಗ, ಇಗರ್ಜಿಯಲ್ಲಾದರೆ ಪಾದ್ರಿ ಬಂದು ಮಾತಾಡಿಸುತ್ತಾರೆ. ಆಮೇಲೆ ಗೆಳೆಯರು ಒಬ್ಬೊಬ್ಬರೇ ಕಡಿಮೆಯಾದರು, ಕೊನೆಗೆ ಅವನೊಬ್ಬನೇ, ಜನರ ಸಾಲೂ ಇಲ್ಲ, ಮಾತಾಡಲು ಬೇಕಾದಷ್ಟು ಹೊತ್ತಿತ್ತು, ಮಾತು ಮಾತ್ರ ಹೊಳೆಯುತ್ತಿರಲಿಲ್ಲ, ಗದ್ದಲವಿದ್ದಾಗ ಎಷ್ಟು ಸಲೀಸಾಗಿ ಹೊಳೆಯುತ್ತಿತ್ತು. ಹೋದ ವರ್ಷ ಬರಲಿಲ್ಲ. ಅಷ್ಟೆ. ಯಾರನ್ನು ಕೇಳುವುದು, ಏನೆಂದು ಕೇಳುವುದು, ಒಬ್ಬ ಗಿರಾಕಿ ಬರಲಿಲ್ಲ ಎಂದು ಅಂಗಡಿಯವಳು ಹುಡುಕಿಕೊಂಡು ಹೋಗುವುದುಂಟೆ.

ಇವು ನಡೆಯೋಕಾ, ಗೋಡೆಗೆ ಹಾಕೋಕಾ — ಯಾರದು, ಓ, ಹೊಸ ಕಾಫಿ ಅಂಗಡಿಯ ಹೆಂಗಸು, ಹಿಮದ ಮೇಲೆ ನಡೆಯುವ ಹಳೆಯ ಬೆತ್ತದ ಮೆಟ್ಟುಗಳನ್ನು ಎತ್ತಿ ಹಿಡಿದಿದ್ದಳು, ಅಪ್ಪ ಹೆಣೆದವು, ನಡೆಯೋಕೆ ಅಂತ ಮಾಡಿದ್ದು, ಇನ್ನು ನಿಮ್ಮಿಷ್ಟ ಅಂದಳು ಐಲಿ, ಗೋಡೆಗೆ ಎಷ್ಟು ಚಂದ ಅಲ್ವಾ ಅಂದಳು ಅವಳು, ಮಾತಿನಲ್ಲಿ ಕೆಡುಕಿರಲಿಲ್ಲ, ಚಂದವೇ ಇರಬಹುದು, ಅರ್ಧ ಖಾಲಿಯಾದ ಅಟ್ಟಗಳ ಮೇಲೆ ಧೂಳಿನಲ್ಲಿ ಪೆಟ್ಟಿಗೆಗಳ ಚೌಕ ಗುರುತು, ಗಂಡು ಜಿಂಕೆಯನ್ನು ವಾಸನೆಯಿಂದ ಸೆಳೆಯುವ ಹೆಣ್ಣು ಜಿಂಕೆಯ ಮೂತ್ರದ ಸೀಸೆಗಳು ಮಾತ್ರ ಹಾಗೇ ಉಳಿದಿವೆ, ಅದನ್ನು ಗೋಡೆಗೆ ಹಾಕಲು ಯಾರೂ ಕೇಳುವುದಿಲ್ಲ. ಬಾಗಿಲು ಕಿರ್ರೆಂದಿತು, ಥಟ್ಟನೆ ತಿರುಗಿದಳು, ಡಾರ್ಲಾ, ಪಾರ್ಸಲ್ ಗಾಡಿಯ ಡಾರ್ಲಾ, ದಿನವೂ ಬರುತ್ತಾಳೆ, ಈ ದಾರಿಯಲ್ಲಿ ಬೇರೆ ಕಡೆ ಪಾಯಿಖಾನೆ ಇಲ್ಲ. ಕಾಫಿ ಇದೆಯಾ ಐಲಿ, ಅಥವಾ ಅದನ್ನೂ ಅರ್ಧ ಬೆಲೆಗೆ ಮಾರಿಬಿಟ್ರಾ. ನಿನ್ನ ಗಾಡಿ ಅಂಗಡೀನ ನುಂಗಿದ್ದು ಸಾಲದು, ಕಾಫೀನೂ ಬೇಕಾ ನಿಂಗೆ. ಅಯ್ಯೋ ಬೈಬೇಡಿ, ನಾನು ಬರೀ ಹೊರೋಳು, ಈ ಸೊಂಟ ನೋಡಿದ್ರೆ ನಿಮಗೇ ಪಾಪ ಅನ್ಸುತ್ತೆ. ಬೈಯುವುದು ಹೇಗೆ ಇವಳನ್ನು, ಕಾಫಿ ಬಗ್ಗಿಸಿ ಕೊಟ್ಟಳು, ಕುರ್ಚಿ ಎಳೆದು ಕೊಟ್ಟಳು, ಡಾರ್ಲಾ ಊದಿ ಊದಿ ಕುಡಿಯುತ್ತ ಹೇಳಿದಳು, ಇವತ್ತು ಬೂಟೋ ಬೂಟು, ಆ ಟ್ಯಾಮರಾಕ್ ದಾರಿ ಕೊನೇಲಿ ಒಂದು ಕಾಡುಮನೆ ಇದೆ ನೋಡಿ, ಅಲ್ಲೊಬ್ಬ ಮುದುಕಪ್ಪ, ಪಾಪ, ಬಾಗಿಲಲ್ಲೇ ಕೂತು ಹಾಕಿ ನೋಡಿದ, ಕಾಲು ಒಳಗೆ ಹೋಗ್ಲೇ ಇಲ್ಲ, ವಾಪಸ್ ತಗೊಂಡ್ಹೋಗಮ್ಮ ಅಂತಾನೆ, ನಾನು ಹಾಗೆಲ್ಲ ತಗೊಳ್ಳೋ ಹಾಗಿಲ್ಲ, ಫೋನಲ್ಲಿ ಹೇಳ್ಬೇಕು, ಅಲ್ಲಿ ಫೋನೇ ಸಿಗಲ್ಲ. ಹೆಸರೇನು ಎಂದು ಐಲಿ ಕೇಳಿದಳು, ಕೇಳಿದ್ದು ತಾನೇ ಹೌದೇ ಎಂಬಂಥ ಸ್ವರ. ಡೆಕ್ಕರ್ ಅಂತ ಪೆಟ್ಟಿಗೆ ಮೇಲಿತ್ತಪ್ಪ.

ಬದುಕಿದ್ದಾನೆ. ಬದುಕಿದ್ದಾನೆ, ಬಂದಿದ್ದಾನೆ, ಬಂದೂ ಬೂಟನ್ನು ಗಾಡಿಯಿಂದ ತರಿಸಿದ್ದಾನೆ — ಮೊದಲನೆಯದರಿಂದ ಕಣ್ಣು ತುಂಬುವಷ್ಟರಲ್ಲಿ ಮೂರನೆಯದು ಬಂದು ಕಪಾಳಕ್ಕೆ ಹೊಡೆದ ಹಾಗಾಯಿತು, ರಾಲ್ಫ್ ನೀಮಿಯ ಮೇಲೆ ಬಾರದ ಸಿಟ್ಟು, ಈ ಊರಿನ ಯಾರ ಮೇಲೂ ಬಾರದ ಸಿಟ್ಟು ಈಗ ಎಲ್ಲಿಂದಲೋ ಭಗ್ಗೆಂದಿತು, ನೀವೂನಾ ಹಾರ್ಲನ್, ಎಲ್ಲರೂ ಸರಿ, ನೀವೂನಾ, ಇರಲಿ, ಒಳಗೆ ಹೋಗದ ಬೂಟು ಹಾಕಿಕೊಂಡು ಕೂತಿರಲಿ, ನಾನ್ಯಾಕೆ ಹೋಗಲಿ, ಹೋಗುವುದಿಲ್ಲ, ಎನ್ನುತ್ತಲೇ ಏಣಿ ಹತ್ತಿದ್ದಳು, ಮೇಲಿನಟ್ಟದಲ್ಲಿ ಕಂಬಳಿಯ ಒಳಪದರದ ಅಗಲ ಬೂಟು ಒಂದು ಜೊತೆ ಉಳಿದಿತ್ತು, ಇದು ಹಿಡಿಸಬೇಕು, ಹಿಡಿಸುತ್ತದೆ, ಡಾರ್ಲಾ ಕೆಳಗಿನಿಂದ, ಏನಾಯ್ತು ಐಲಿ, ಬಿದ್ದೀರಿ, ಏಣಿ ಹಿಡ್ಕೊಳ್ಳಲಾ ಅನ್ನುತ್ತಿದ್ದಳು. ಅಂಗಡಿ ಮುಚ್ತು ಅಂದಳು ಐಲಿ. ಸಂಜೇವರೆಗೆ ಇರುತ್ತೆ ಅಂತ ಬಾಗಿಲಿಗೆ ಹಾಕಿದ್ದೀರಲ್ಲ ಅಂದಳು ಕಾಫಿ ಅಂಗಡಿಯವಳು. ಹಾಕಿದ್ದೆ, ಮೆಟ್ಟು ತಗೊಂಡು ಹೋಗಿ, ಸುಮ್ನೆ ತಗೊಂಡು ಹೋಗಿ. ಎಲ್ಲರನ್ನೂ ಹೊರಗೆ ಹಾಕಿ ಬೀಗ ಹಾಕಿದಳು, ಊರಾಚೆಯ ತಿರುವಿನಲ್ಲಿ ಗಾಡಿ ಓಡಿಸುತ್ತಿದ್ದಾಗ ಹೊಳೆಯಿತು, ಅದೇ ಕೊನೆಯ ಬೀಗ, ಆ ಕ್ಷಣಕ್ಕೆ ಎಷ್ಟು ದಿನದಿಂದ ಹೆದರಿಕೊಂಡಿದ್ದಳು, ಅಳು ಬರುತ್ತದೆ ಎಂದು ಕೈವಸ್ತ್ರ ಕೂಡ ಜೇಬಿನಲ್ಲಿಟ್ಟುಕೊಂಡಿದ್ದಳು, ಬೀಗ ಹಾಕಿದ ಸದ್ದೂ ಕೇಳಲಿಲ್ಲ.

ಟ್ಯಾಮರಾಕ್ ಮರಗಳು ಎಲೆಯೆಲ್ಲ ಉದುರಿಸಿ ನಿಂತಿದ್ದವು, ದೊಡ್ಡ ಸರೋವರದ ಕಡೆಯಿಂದ ಹಿಮ ಸಣ್ಣಗೆ ಬೀಳುತ್ತಿತ್ತು, ಎದುರಿನಿಂದ ಬಂದ ಗಾಡಿಯಲ್ಲಿ ಇಬ್ಬರು ಕಿತ್ತಳೆ ಟೋಪಿಯವರು ಕೈಯೆತ್ತಿದರು, ಕೈಯೆತ್ತಿದಳು, ಈ ದಾರಿಯಲ್ಲಿ ಇಷ್ಟು ವರ್ಷದಲ್ಲಿ ಒಂದು ಸಲವೂ ಬಂದಿಲ್ಲವಲ್ಲ, ಅವನು ಕೈಯಾಡಿಸಿ ಹೇಳುತ್ತಿದ್ದ ತೊರೆ ಇದೇ ಇರಬೇಕು, ಅಂಗಡಿಯಲ್ಲಿ ಹೇಳಿದ್ದಕ್ಕಿಂತ ಸಣ್ಣದು. ಏನು ಹೇಳುವುದು ಬಾಗಿಲು ತೆಗೆದರೆ, ಬೂಟು ತಂದಿದ್ದೀನಿ ಎನ್ನುವುದು, ಬೂಟು ತಂದವಳಿಗೆ ಬೇರೆ ಮಾತು ಬೇಡ. ಬಾಗಿಲು ತೆರೆದೇ ಇತ್ತು, ಅವನು ಹೊಸ್ತಿಲಲ್ಲಿ ಸ್ಟೂಲಿನ ಮೇಲೆ ಕೂತಿದ್ದ, ಎಷ್ಟು ಇಳಿದುಹೋಗಿದ್ದಾನೆ, ಪಕ್ಕದಲ್ಲಿ ಊರುಗೋಲು, ಕಾಲ ಬಳಿ ಬಿಚ್ಚಿದ ಪೆಟ್ಟಿಗೆ, ತಲೆಯೆತ್ತಿದವನು ನೋಡುತ್ತಲೇ ಇದ್ದ, ಹೆದರಿದವನ ಹಾಗೆ. ಐಲಿ? ನೀವಾ? ನೀವು ಇದ್ದೀರಾ? ಇರದೆ ಎಲ್ಲಿಗೆ ಹೋಗ್ಲಿ ಅಂದಳು, ಸಿಟ್ಟಿನಿಂದಲೇ ಅಂದಳು. ಅಲ್ಲ, ನಮ್ಮಣ್ಣನ ಮಗ ಫೋನಲ್ಲಿ ನೋಡಿದ, ನಿಮ್ಮ ಅಂಗಡಿ ಶಾಶ್ವತವಾಗಿ ಮುಚ್ಚಿದೆ ಅಂತ ತೋರಿಸ್ತು, ಹೋದ ತಿಂಗಳೇ ತೋರಿಸ್ತು, ಶಾಶ್ವತವಾಗಿ ಅಂದ್ರೆ ಅವಳೂ ಹೋದ್ಲೇನೋ ಅಂತ ಕೇಳಿದೆ, ಅದೆಲ್ಲ ಇದರಲ್ಲಿ ಬರಲ್ಲ ಚಿಕ್ಕಪ್ಪ ಅಂದ, ಬೂಟು ಅವನೇ ತರಿಸ್ದ, ನನ್ನ ಇಲ್ಲಿಗೆ ತಂದು ಬಿಟ್ಟಿದ್ದೂ ಅವನೇ. ಅವಳು ಕೇಳಿದಳು, ಮತ್ತೆ ಹೋದ ವರ್ಷ? ಹೋದ ವರ್ಷ ಆಸ್ಪತ್ರೇಲಿದ್ದೆ, ಈ ಕಡೆ ಮೈಯೇ ಏಳ್ತಿರಲಿಲ್ಲ, ನಿಮಗೆ ಹೇಳ್ಕಳಿಸೋಣ ಅಂದ್ಕೊಂಡೆ, ಏನಂತ ಹೇಳ್ಕಳಿಸೋದು, ಈ ಸಲ ಗಿರಾಕಿ ಬರಲ್ಲ ಅಂತಲಾ. ಎಂಥ ಇಬ್ಬರು ಹುಚ್ಚರು, ಅವನು ಅಲ್ಲಿ ಇವಳನ್ನು ಮನಸ್ಸಿನಲ್ಲೇ ಸಾಯಿಸಿ ಕೂತಿದ್ದಾನೆ, ಇವಳು ಇಲ್ಲಿ ಅವನನ್ನು.

ಹಾಗಾದ್ರೆ ಫೋನು ಸುಳ್ಳು ಹೇಳ್ತು, ಅಂದ ಅವನು, ಮುಖ ಅರಳುತ್ತಿತ್ತು, ಅಂಗಡಿ ಇದೆ ಅನ್ನಿ. ಕೊನೆಯ ಬೀಗದ ಕೈ ಅವಳ ಕೋಟಿನ ಜೇಬಿನಲ್ಲಿತ್ತು. ಸುಳ್ಳು, ಅಂದಳು, ಇದೆ. ಕಾಲು ತೋರಿಸಿ. ಮಂಡಿಯೂರಿದಳು, ಮಂಡಿ ಸಣ್ಣಗೆ ಲಟಕ್ಕೆಂದಿತು, ಕಾಲುಚೀಲದ ಮೇಲೆ ಅವಳು ತಂದ ಬೂಟೂ ಏರಲಿಲ್ಲ, ದಾರ ಪೂರ್ತಿ ಸಡಿಲಿಸಿದರೂ ಏರಲಿಲ್ಲ, ಬೇಟೆಗೇನೂ ಹೋಗಲ್ಲ ಐಲಿ, ಬಂದೂಕು ತಂದೇ ಇಲ್ಲ, ಬೆಳಿಗ್ಗೆ ಆ ತೊರೆವರೆಗೆ ಹೋಗಿ ಕೂತು ಮೊದಲ ಗುಂಡಿನ ಸದ್ದು ಕೇಳೋಣ ಅಂತ, ಅಷ್ಟೇ, ಅನ್ನುತ್ತಿದ್ದ ಅವನು, ಅವಳು ಕಾಲುಚೀಲ ಎಳೆದು ತೆಗೆದಳು, ಇಷ್ಟು ವರ್ಷ ಅವಳ ಅಂಗೈಗೂ ಈ ಪಾದಕ್ಕೂ ನಡುವೆ ಉಣ್ಣೆಯೊಂದು ಇದ್ದೇ ಇರುತ್ತಿತ್ತು, ಈಗ ಪಾದ, ಬರಿಯ ಪಾದ, ಊದಿ ಬಿಳಿಚಿದ್ದು, ಒತ್ತಿದರೆ ಬೆರಳಿನ ಗುರುತು ಹಾಗೇ ಉಳಿಯುವಂಥದ್ದು, ತಣ್ಣಗೆ, ಇದಕ್ಕೆ ಆಗುವ ಬೂಟು ಯಾವ ಅಂಗಡಿಯಲ್ಲೂ ಇಲ್ಲ, ಯಾವ ಗಾಡಿಯೂ ತರುವುದಿಲ್ಲ, ಒಂದೇ ನೋಟಕ್ಕೆ ತಿಳಿಯಿತು. ಇನ್ನೂ ಅಗಲದ್ದು ಇದೆಯಾ ಅಂಗಡೀಲಿ, ಕೇಳಿದ. ಇದೆ, ಅಂದಳು, ನಾಳೆ ತರ್ತೀನಿ. ಅದೂ ಆಗದಿದ್ರೆ? ನಾಡಿದ್ದು ಬೇರೆ ತರ್ತೀನಿ. ತೆರೆದ ಬಾಗಿಲಿನಿಂದ ಹಿಮ ಒಳಗೆ ಹಾರಿ ಬರುತ್ತಿತ್ತು, ಎದ್ದು ಬಾಗಿಲು ಹಾಕಬೇಕು, ಒಲೆಗೆ ಸೌದೆ ಇಡಬೇಕು, ಅಂಗಡಿಯ ಒಲೆ ಆರಿಸಿದೆನೋ ಇಲ್ಲವೋ, ನಾಳೆ ಏನು ತರುವುದು, ಏನಿದೆ ತರಲು, ನಿನ್ನ ಕೈ ಬೆಚ್ಚಗಿದೆ ಅಂದ ಹಾರ್ಲನ್, ನಿನ್ನ ಎಂದ, ಇಷ್ಟು ವರ್ಷದಲ್ಲಿ ಮೊದಲ ಸಲ ನಿನ್ನ, ಏಳಬೇಕು, ಏಳಬೇಕೆಂದು ಅಂದುಕೊಳ್ಳುತ್ತಲೇ ಪಾದವನ್ನು ಎತ್ತಿ ಮಡಿಲಲ್ಲಿಟ್ಟುಕೊಂಡಳು, ಕೋಟಿನ ಅಂಚನ್ನು ಅದರ ಮೇಲೆ ಎಳೆದಳು, ಹಿಮ್ಮಡಿ ಅಂಗೈಯಲ್ಲಿ ಕೂತಿತು, ಹಿಮ್ಮಡಿ, ತಣ್ಣನೆಯದು, ಬೆರಳುಗಳು ಒಂದು ಸಲ ಅಲುಗಿದವು, ಮಡಿಲಲ್ಲಿ ಪಾದ, ಬಾಗಿಲು ತೆರೆದೇ ಇತ್ತು, ಪಾದ, ಅಂಗೈಯಲ್ಲಿ